ಬಸಿಯೋ ದಿನ ಬಂದ ನೀರು ತುಂಬೋ ಹಬ್ಬ

ಮಾಲಾ, ಕೇಳಾಕ ಹತ್ತೀಯೇನು? ಬಾಣಂತಿ ಅದೀ, ಕಿವ್ಯಾಗ ಹತ್ತಿ ತುರುಕಿರ್ತಾಳ ನಿಮ್ಮವ್ವ. ತೆಗದು ಕೇಳು. ಗಾಳಿ ಹೊಕ್ಕಂತೈತಿ ಅಂತ ಬೈದ್ರ ಗಾದೆಮ್ಮ ದೊಡ್ಡವ್ವ ತೆಗೀ ಅಂದ್ಲು ಅನ್ನು. ನಾನು ಆಕಿಗಿಂತ ಹಿರೇಳು, ನನಗ ಏನೂ ಅನ್ನಂಗಿಲ್ಲ. ‘ಹಬ್ಬ ಹೆಂಗಾತು ದೊಡ್ಡವ್ವ’ ಅಂತ ಒಂದು ಸಾಲು ಕಳಿಸಿದೆಲ್ಲ, ಒಂದು ಸಾಲಿನ್ಯಾಗ ಹೇಳೋ ಹಬ್ಬ ಅಲ್ಲ ತಾಯಿ ಇದು. ಫೋನಿನ್ಯಾಗ ಈ ಮೈಕಿನ ಬಟನ್ ಒತ್ತಿ ಬೆರಳು ಸೋಲೋತನ ಹೇಳ್ತೀನಿ, ಸೋತ್ರ ಇನ್ನೊಂದು ಬೆರಳಿಲೆ ಹೇಳ್ತೀನಿ.

ನಮ್ಮ ಶಾಂತಕುಮಾರಿ ಸುದ್ದಿ ನಿನಗ ಅರ್ಧ ಗೊತ್ತೈತಿ, ಇನ್ನರ್ಧ ಯಾರ್ಯಾರೋ ಸೇರಿಸಿ ಹೇಳಿರ್ತಾರ. ಅದಕ್ಕ ಮೊದಲಿಂದ ಹೇಳ್ತೀನಿ. ನಾನು, ನಿನ್ನ ಹೊನ್ನೂರಿ ದೊಡ್ಡವ್ವ ಅಕ್ಕ ತಂಗಿ, ಅಣ್ಣ ತಮ್ಮರಿಗೆ ಕೊಟ್ಟಾರ, ಇಬ್ರೂ ಬಾಗಳಿ ಕಡೆ ಈ ಒಂದಾ ಮನ್ಯಾಗ ಮುದುಕ್ಯಾರಾದ್ವಿ. ನನಗ ಮಕ್ಕಳಿಲ್ಲ. ಹೊನ್ನೂರಿಗೆ ಅಂಜಿನಿ ಒಬ್ನಾ, ಹರಪನಹಳ್ಳಿ ಎಪಿಎಂಸಿಯಾಗ ಹಮಾಲಿ ಮಾಡ್ತಾನ. ಅವನ ಹೇಂತೀನಾ ಈ ನಮ್ಮ ಶಾಂತಿ. ಹಂಗಾಗಿ ಎರಡು ಅತ್ತ್ಯಾರಿಗೆ ಒಬ್ಬಾಕೀನ ಸೊಸಿ. ಪಾಪ ಅನ್ಬ್ಯಾಡ, ಆಕೀನಾ ನಮ್ಮಿಬ್ರನ್ನೂ ಆಡಿಸ್ತಾಳ.

ಆಕಿ ಎರಡೂ ಕಿಡ್ನಿ ಕೆಲಸ ಬಿಟ್ಟಾವ. ವಾರಕ್ಕ ಮೂರು ಪಾಳಿ ಹರಪನಹಳ್ಳಿ ದವಾಖಾನಿಗೆ ಹೋಗಿ ಮಷಿನ್ ಪಕ್ಕ ಮಲಗಬೇಕು. ಡಯಾಲಿಸಿಸ್ ಅನ್ನಾಕ ನಮ್ಮೂರಾಗ ಯಾರಿಗೆ ನಾಲಗಿ ಹೊಳ್ಳತೈತಿ? ಮೊದಲ್ನೇ ಸಲ ಹೋಗಿ ಬಂದಾಗ ಅಂಜಿನಿ ಕಟ್ಟಿ ಮ್ಯಾಲೆ ಕುಂತು, ‘ಏನಿಲ್ಲವ್ವ, ರಕ್ತ ಬಸಿದು, ತೊಳೆದು, ಹಾಕ್ತಾರ’ ಅಂದುಬಿಟ್ಟ. ಅವತ್ತಿನಿಂದ ಊರಿಗೆಲ್ಲ ಅದಾ ಮಾತು. ‘ಶಾಂತಿ ಎಲ್ಲಿ?’ ‘ಬಸಿಯಾಕ ಹೋಗ್ಯಾಳ.’ ‘ಬಂದ್ಲೇನು?’ ‘ಬಸಕಂಡು ಬಂದ್ಲು.’ ಅನ್ನದ ಗಂಜಿ ಬಸಿದಂಗ, ಬ್ಯಾಳಿ ಕಟ್ಟು ಬಸಿದಂಗ. ಈ ಒಂದು ಮಾತಿನಿಂದಾನ ಹಬ್ಬದಾಗ ಇಷ್ಟೆಲ್ಲ ರಾದ್ಧಾಂತ ಆತು.

ಇನ್ನೊಂದು ಹೇಳ್ತೀನಿ, ಮುಖ ಮುರೀಬ್ಯಾಡ. ಆಕಿಗೆ ಉಚ್ಚಿ ಹೋಗಂಗಿಲ್ಲ. ಕುಡದ ನೀರು ಕುಡದಂಗ ಒಳಗಾ ನಿಂದ್ರತೈತಿ, ಮಷಿನ್ನಾ ತೆಗೀಬೇಕು. ಅದಕ್ಕ ದಿನಕ್ಕೊಂದು ಸಣ್ಣ ಬಾಟ್ಲಿ ನೀರು ಅಳತಿ. ಚಾ ಅದರಾಗ, ಸಾರು ಅದರಾಗ, ಗುಳಿಗಿ ನುಂಗೋದು ಅದರಾಗ. ಬ್ಯಾಸಿಗ್ಯಾಗ ನಮ್ಮ ಕಡೆ ಬಿಸಿಲು ಹೆಂಗಿರ್ತೈತಿ ನಿನಗೇನು ಹೇಳ್ಬೇಕಾ, ಕಲ್ಲು ಸುದ್ದಾ ನೀರು ಕೇಳ್ತಾವ. ಆಕಿ ಬಾಯಿ ತೊಳಕಂಡು ಉಗುಳ್ತಾಳ. ಉಗುಳೋ ಮುಂದ ಆಕಿ ಮುಖ ನೋಡಾಕ ಆಗಂಗಿಲ್ಲ ನನಗ.

ಇಂಥಾಕಿ ಹಬ್ಬದ ಕೆಲಸ ಮಾಡೋದು ನೋಡ್ಬೇಕು ನೀನು. ಮಷಿನ್ ದಿನ ಆಕಿ ಹಿಂಡಿದ ಅರಬಿ, ಏನೂ ಹೇಳಂಗಿಲ್ಲ. ಮರುದಿನ ಒಂದು ಗಳಿಗಿ ಹುಲಿ. ಆ ಗಳಿಗ್ಯಾಗ ಎಷ್ಟೋ ಅಷ್ಟಾ. ನಾನು ಸೊಸ್ಯಾಗಿದ್ದಾಗ ದೀಪಾವಳಿ ಅಂದ್ರ ಎರಡು ದಿನದಾಗ ಮನಿ ಎತ್ತಿ ಝಾಡಿಸಿ ಇಡ್ತಿದ್ದೆ, ನಡಾ ಬಿದ್ದು ಹೋಗ್ತಿತ್ತು. ಈಕಿ ಮಹಾನವಮಿ ಮುಗಿದ ಮರುದಿನಾನ ಶುರು ಮಾಡಿದ್ಲು. ಇವತ್ತು ಒಂದು ಗ್ವಾಡಿಗೆ ಸುಣ್ಣ. ಬಿಟ್ಲು. ಇನ್ನೊಂದಿನ ಒಂದು ಮಾಡ. ಬಿಟ್ಲು. ಮಣಿ ಮ್ಯಾಲೆ ಕುಂತು ಬಲಗೈಯಿಲೇ ಎಲ್ಲಾ. ಎಡಗೈ ದವಾಖಾನಿ ಕೈ. ಅದರಾಗ ನರ ಜೋಡಿಸ್ಯಾರ, ಭಾರ ಎತ್ತಂಗಿಲ್ಲ, ಬಿಗಿ ಬಳಿ ಹಾಕಂಗಿಲ್ಲ. ಎತ್ತೋದು ಏರೋದು ಅಂಜಿನಿ ಪಾಲಿಗೆ. ಅವನು ಬಚ್ಚಲದಾಗ ಕುಂತು ಹುಣಸಿಹಣ್ಣು ಹಚ್ಚಿ ತಾಮ್ರದ ಹಂಡೆ ತಿಕ್ಕೋದು, ಈಕಿ ಕಟ್ಟಿ ಮ್ಯಾಲೆ ಕುಂತು ತೋರಿಸೋದು.

‘ಅಲ್ಲಿ ಕರಿ ಉಳೀತು ನೋಡ್ರಿ.’

‘ಎಪಿಎಂಸಿ ಸಾವ್ಕಾರೂ ಇಷ್ಟು ದುಡಿಸಂಗಿಲ್ಲ ಮಾರಾಯ್ತಿ.’

‘ಅವರು ಹಬ್ಬಕ್ಕ ನಿಮಗ ಎಣ್ಣಿ ಹಚ್ಚಿ ಎರೀತಾರೇನು? ತಿಕ್ರಿ ಸುಮ್ನ.’

ಹಿಂಗ ಹನಿ ಹನಿ ಕೂಡಿಸಿ ಇಡೀ ಹಬ್ಬ ಕಟ್ಟಿದ್ಲು ಆಕಿ. ಕಾಯಿಲಿಗೆ ಗೊತ್ತಾಗದಂಗ ಅದರ ಬೆನ್ನ ಹಿಂದ ಮಾಡಿ ಮುಗಿಸಿದ್ಲು. ಎಲ್ಲಾ ಹೊಂದಿತು, ಒಂದು ಬಿಟ್ಟು.

ಕಟ್ಟಾತು ನೋಡು. ಬೆರಳು ಜಾರಿತು. ಇದು ಎರಡ್ನೇದು, ಮೊದಲ್ನೇದು ಕೇಳಿ ಇದನ್ನ ಕೇಳು, ಹಿಂದ ಮುಂದ ಮಾಡ್ಬ್ಯಾಡ.

ಆ ಒಂದು ಯಾವ್ದು? ನೀರು ತುಂಬೋ ಹಬ್ಬ. ಮರುದಿನ ನಸುಕಿನ್ಯಾಗ ಎಣ್ಣಿ ನೀರು ಇರ್ತೈತಲ್ಲ, ಅದರ ಹಿಂದಿನ ಸಂಜಿ. ಹಂಡೆಕ್ಕ ಸುಣ್ಣ ಕೆಮ್ಮಣ್ಣಿನ ಪಟ್ಟಿ ಬರದು, ಹಿಂಡ್ಲಿ ಬಳ್ಳಿ ಸುತ್ತಿ, ಚೆಂಡು ಹೂವು ಏರಿಸಿ, ಹೊಸಾ ನೀರು ತುಂಬಬೇಕು. ನಮ್ಮ ಮನಿ ಪದ್ಧತಿ ನಿನಗ ಗೊತ್ತಿಲ್ಲ: ಮೊದಲ್ನೇ ನೀರು ಮನಿ ಸೊಸಿ ಕೈಯಾಗಾ ಬರಬೇಕು. ಗಂಗಮ್ಮ ಅಂತ ಪೂಜಿ ಮಾಡಿ ತರೋದು. ಮೊದಲು ನಾನು ತಂದೆ, ಆಮ್ಯಾಲೆ ಹೊನ್ನೂರಿ ತಂದ್ಲು, ಆಮ್ಯಾಲೆ ಶಾಂತಿ. ಹೋದ ವರ್ಷ ಆಕಿ ದವಾಖಾನ್ಯಾಗ ಬಿದ್ದಿದ್ಲು, ಹೊನ್ನೂರೀನಾ ತಿರುಗಿ ತಂದ್ಲು. ಈ ವರ್ಷ ಆಕಿ ಎದ್ದು ಓಡಾಡ್ತಾಳ ಅಂತ ನಾನು ಖುಷಿಯಾಗಿದ್ದೆ. ಹೊನ್ನೂರಿ ಕ್ಯಾಲೆಂಡರ್ ಮುಂದ ನಿಂತು ಮಾರಿ ಸಣ್ಣದು ಮಾಡಿದ್ಲು.

‘ಅಕ್ಕಾ, ನೀರು ತುಂಬೋದು ಈಕಿ ಬಸಿಯೋ ದಿನಾನ ಬಂದೈತಿ.’

‘ಬರ್ಲಿ ಬಿಡು. ಮಧ್ಯಾನ್ನಕ್ಕ ಬರ್ತಾಳ, ಸಂಜಿಗೆ ತರ್ತಾಳ.’

‘ರಕ್ತ ಹೊರಗ ಹೋದ ದಿನ ಗಂಗಮ್ಮನ್ನ ಮುಟ್ಟಬೌದೇನಕ್ಕ? ಹೊರಗಾದಂಗ ಅಲ್ಲೇನದು?’

ಹೊನ್ನೂರಿ ಮಡಿ ಹೆಂಗಂತ ನಿನಗ ಗೊತ್ತೈತಿ. ಬೆಕ್ಕು ಒಲಿ ಮುಂದ ಹಾದ್ರ ಬೆಕ್ಕಿಗೆ ಸ್ನಾನ ಮಾಡ್ಸೋಳು. ಕೆಟ್ಟಾಕಿ ಅಲ್ಲ. ಸೊಸಿ ಕಾಲು ಬಾತ್ರ ಉಪ್ಪಿಲ್ಲದ ರೊಟ್ಟಿ ಬ್ಯಾರೆ ತಟ್ಟಿ, ತಾನೂ ಅದನ್ನಾ ತಿಂತಾಳ. ಆದ್ರ ದೇವರ ವಿಷಯಕ್ಕ ಬಂದ್ರ ನೆಟ್ಟ ಗೂಟ.

‘ಹುಚ್ಚಿ, ಇದು ಕೈಯಾಗಿಂದ ಬರೋ ರಕ್ತ’ ಅಂದೆ ನಾನು.

‘ಬಾಗಲು ಯಾವ್ದಾದ್ರೇನಕ್ಕ? ರಕ್ತ ರಕ್ತಾನ. ಮ್ಯಾಲೆ ಬಸಿದ ಜಾಗಕ್ಕ ಯಾರ ರಕ್ತ ಹಾಕ್ತಾರೋ, ಯಾರ ಮನೀದೋ!’

ಸುಳ್ಳ್ಯಾಕ ಹೇಳ್ಲಿ, ನನಗೂ ಅದೇನು ಮಾಡ್ತಾರಂತ ಗೊತ್ತಿರ್ಲಿಲ್ಲ. ಬಸೀತಾರ ಅಂದ್ರ ಬಸೀತಾರ. ಕೆಳಗೊಂದು ಬಕೀಟು ಇಟ್ಟಿರ್ತಾರ ಅಂತಾನ ನನ್ನ ತಲ್ಯಾಗೂ ಇತ್ತು.

ಒಳಗಿಂದ ಶಾಂತಿ ಬಂದ್ಲು. ಎಲ್ಲಾ ಕೇಳಿಸಿಕೊಂಡಿದ್ಲು. ‘ಜಗಳ ಯಾಕ ಅತ್ತಿ? ಅವತ್ತು ನಾನು ದವಾಖಾನಿಗೇ ಹೋಗಂಗಿಲ್ಲ ಬಿಡ್ರಿ. ರಕ್ತಾನೂ ಹೋಗಂಗಿಲ್ಲ, ಮೈಲಿಗೀನೂ ಇಲ್ಲ.’

ಹೋದ ವರ್ಷ ಮಹಾನವಮಿಗೆ ಬನ್ನಿ ಕೊಡಾಕ ನೆಂಟರು ಬರ್ತಾರಂತ ಒಂದು ಪಾಳಿ ತಪ್ಪಿಸಿ ಏನಾತು ನಾನು ಕಣ್ಣಿಲೇ ನೋಡೀನಿ. ನೀರು ಎದಿಗೆ ಏರಿ, ಮಲಗಿದ್ರ ಉಸಿರು ಸಿಗವಲ್ದು, ಕುಂತು ಕುಂತಾ ಬೆಳಕು ಹರಿಸಿದ್ಲು. ಇನ್ನೊಂದು ತಾಸು ತಡಾ ಆಗಿದ್ರ ಇಲ್ಲ ಅಂದಿದ್ರು ಡಾಕ್ಟ್ರು.

‘ಲೇ, ಊರೆಲ್ಲ ಹಂಡೆದಾಗ ನೀರು ತುಂಬಿದ್ರ ನೀನು ಎದ್ಯಾಗ ತುಂಬ್ಕಂಡು ಕುಂದ್ರತೀಯೇನು?’ ಅಂತ ಒದರಿದೆ.

ಆಕಿ ಒದರಲಿಲ್ಲ. ಮೆಲ್ಲಕ ಅಂದ್ಲು, ‘ದೊಡ್ಡತ್ತಿ, ಕುಡಿಯಾಕಂತೂ ನನ್ನ ಹಣ್ಯಾಗ ನೀರು ಬರದಿಲ್ಲ. ತರಾಕಾದ್ರೂ ಇರ್ಲಿ. ಹೋದ ವರ್ಷ ಬಿಟ್ಟೆ, ಈ ವರ್ಷ ಬಿಟ್ಟೆ ಅಂದ್ರ, ಬರೋ ವರ್ಷ ನನ್ನ ಯಾರೂ ಕೇಳಾದೂ ಇಲ್ಲ. ಶಾಂತಿ ಮಲಗಿರ್ತಾಳ ಬಿಡು ಅಂತೀರಿ.’

ಪಾಳಿ ತಪ್ಪಿಸು ಅಂತ ಹೊನ್ನೂರಿ ಬಾಯಾಗ ಬರಂಗಿಲ್ಲ, ಮುಟ್ಟು ಅಂತಾನೂ ಬರಂಗಿಲ್ಲ. ನಾನಾ ಪಂಚಾಯ್ತಿ ಬಗೀಹರಿಸಿದೆ: ‘ಯಾರೂ ನೋಡದಾ ಮಾತಾಡಾದು ಬ್ಯಾಡ. ಅವತ್ತು ಆಕಿ ಕೂಡ ನಾವಿಬ್ರೂ ಹೋಗೋಣು. ರಕ್ತ ಹೊರಗ ಬೀಳಾದು ನೋಡಿದ್ರ ನೀನು ತಾ ನೀರು. ಬೀಳದಿದ್ರ ಆಕಿ ತರ್ತಾಳ. ಶಾಂತಿ, ನೀನು ಪಾಳಿ ತಪ್ಪಿಸಿದ್ರ ಮಾತ್ರ ನಾನು ಈ ಮನ್ಯಾಗ ಹೋಳಗಿ ಮುಟ್ಟಂಗಿಲ್ಲ.’ ನಾನು ಹೋಳಗಿ ಬಿಡ್ತೀನಿ ಅಂದ್ರ ಮಾತು ಎಷ್ಟು ಗಟ್ಟಿ ಅಂತ ಎಲ್ಲರಿಗೂ ಗೊತ್ತೈತಿ.

ಅವತ್ತು ಮುಂಜಾನಿ ಅಂಜಿನೀನ ಕರಕಂಡು, ಅವನ ಗೆಳೆಯನ ಆಟೋದಾಗ ಹೊಂಟ್ವಿ. ರಸ್ತಿ ತುಂಬ ಮೆಕ್ಕಿಜೋಳ ಒಣಗಾಕ ಹಾಕ್ಯಾರ, ಆಟೋ ಒಂದಾ ಮಗ್ಗಲಿಗೆ ವಾಲಿಕ್ಯಂತ ಹೋತು. ಹೊನ್ನೂರಿ ದಾರಿ ತುಂಬ ಸೆರಗು ಮುದುರಿ ಹಿಡಕಂಡು, ಏನೂ ಮುಟ್ಟದಂಗ ಕುಂತಿದ್ಲು.

ಮಾಲಾ, ದವಾಖಾನ್ಯಾಗ ಆ ಮಷಿನ್ ಕ್ವಾಣಿ ಒಳಗ ತಂಪಂದ್ರ ತಂಪು. ಸಾಲಾಗಿ ಮಂಚ, ಮಂಚಕ್ಕೊಂದು ಮಷಿನ್ನು. ಅತ್ಕೊಂತ ಮಲಗಿರ್ತಾರ ಅಂತ ತಿಳಕಂಡಿದ್ದೆ ನಾನು. ಯಾರು ಅಳ್ತಾರ? ಒಬ್ಬ ಮೀಸಿ ಯಜಮಾನ ಫೋನಿನ್ಯಾಗ ಹೇಂತಿಗೆ ಬೈಯಾಕ ಹತ್ಯಾನ, ಕಡ್ಲಿಬ್ಯಾಳಿ ಈಗ ನೆನಿಯಾಕ ಹಾಕ್ಬ್ಯಾಡ ಅಂತ. ಮೂಲಿ ಮಂಚದಾಗ ಒಬ್ಬಾಕಿ, ಒಂದು ಕೈಗೆ ಸೂಜಿ ಚುಚ್ಚ್ಯಾರ, ಇನ್ನೊಂದು ಕೈಯಾಗ ಚೆಂಡು ಹೂವು, ದಾರದ ತುದಿ ಹಲ್ಲಿನ್ಯಾಗ. ಒಂದಾ ಕೈಯಿಲೆ ಮಾಲಿ ಕಟ್ತಾಳವ್ವ! ಮಂಚದ ಕೆಳಗ ಮಾಲಿ ಸುರುಳಿ ಬಿದ್ದೈತಿ. ನಾನು ಎರಡು ಕೈ ಇದ್ದಾಕಿ, ಇವತ್ತಿನತನ ನೆಟ್ಟಗ ಒಂದು ಮಾಲಿ ಕಟ್ಟಿಲ್ಲ. ಹಬ್ಬ ಊರಾಗ ಐತಿ ಅಂತ ತಿಳಕಂಡಿದ್ದೆ, ಅದು ಇಲ್ಲಿ ಮಂಚದ ಮ್ಯಾಲೆ ನಡದಿತ್ತು.

ಅಲ್ಲಿ ಮಷಿನ್ ನೋಡ್ಕಣಾ ಹುಡುಗ ಪ್ರಬುದ್ಧ ಅಂತ, ನಗಮುಖದವನು. ‘ಅಜ್ಜ್ಯಾರ, ಒಳಗ ಬಿಡಂಗಿಲ್ರಿ. ಶಾಂತಕ್ಕ ಹೇಳ್ಯಾರ ಅಂತ ಒಂದೈದು ನಿಮಿಷ. ಚಪ್ಪಲಿ ಹೊರಗ ಬಿಡ್ರಿ, ಕೈ ತೊಳಕಳ್ರಿ, ಮೂಗಿಗೆ ಇದು ಕಟ್ಗಳ್ರಿ.’

ತೊಳಕಂಡ್ವಿ. ಹೊನ್ನೂರಿ ಒಳಗ ಹೋದಾಕೀನ ಸೊಸಿ ಹಾಸಿಗಿ ಸರಿ ಮಾಡಾಕ ಕೈ ಚಾಚಿದ್ಲು.

‘ಅಜ್ಜಿ, ಮುಟ್ಟಬ್ಯಾಡ್ರಿ!’

ಹೊನ್ನೂರಿ ಕೈ ಹಂಗಾ ಗಾಳ್ಯಾಗ ನಿಂತಿತು. ಆಯುಷ್ಯೆಲ್ಲ ಊರಿಗೆ ಮುಟ್ಟಬ್ಯಾಡ ಮುಟ್ಟಬ್ಯಾಡ ಅಂದಾಕಿಗೆ ಇವತ್ತು ಒಬ್ಬ ಅಂದ! ನಾನು ನಗು ತಡಿಯಾಕ ಸೆರಗು ಬಾಯಿಗೆ ಇಟ್ಕಂಡೆ. ಆ ಹುಡುಗ ಕೈ ತೊಳೆದ, ಕೈಗೆ ರಬ್ಬರ್ ಚೀಲ ಹಾಕಿದ, ಏನೋ ಮುಟ್ಟಿದ, ಅದನ್ನ ಕಿತ್ತು ಒಗೆದ, ತಿರುಗಿ ತೊಳೆದ, ಹೊಸಾದು ಹಾಕಿದ. ಹೊನ್ನೂರಿ ಕಣ್ಣು ಪಿಳುಕಿಸದಂಗ ನೋಡಿ ನನ್ನ ಕಿವ್ಯಾಗ ಅಂದ್ಲು, ‘ಅಕ್ಕಾ, ಇವನು ನನಗಿಂತ ಮಡಿ ಅದಾನ.’

ಸೂಜಿ ಚುಚ್ಚೋಕಿಂತ ಮೊದಲು ಅವನು ಡಾಕ್ಟ್ರ ಕಿವಿಗೊಳವಿ ಶಾಂತಿ ಎಡಗೈ ಮ್ಯಾಲೆ ಇಟ್ಟು ಕೇಳಿದ. ಹೊನ್ನೂರಿ ಮಾರಿ ನೋಡಿ ಏನನ್ನಿಸ್ತೋ, ‘ಕೇಳ್ತೀರೇನಜ್ಜಿ?’ ಅಂತ ಆಕಿ ಕಿವಿಗೆ ಇಟ್ಟ. ಆಮ್ಯಾಲೆ ನನಗೂ.

ಹೆಂಗ ಹೇಳ್ಲಿ ಮಾಲಾ. ಎದಿ ಡವಡವ ಅಲ್ಲ ಅದು. ಜುರ್ರ್… ಜುರ್ರ್… ಅಂತ ನೀರು ಬಂಡೆಗಲ್ಲಿನ ಮ್ಯಾಲಿಂದ ಇಳಿದಂಗ. ಎರಡು ಬಳಿ ಹಿಡಿಸೋ ಕೈಯಾಗ ಒಂದು ಹೊಳಿ ಹರೀತೈತಿ. ಆಕಿ ನಮ್ಮ ಮುಂದ ದಿನಾ ರೊಟ್ಟಿ ತಟ್ಟೋಳು, ಅಕ್ಕಿ ಆರಿಸೋಳು, ನಮಗ ಒಬ್ಬರಿಗಾದ್ರೂ ಗೊತ್ತಾತೇನು?

ಆಮ್ಯಾಲೆ ಸೂಜಿ ಚುಚ್ಚಿದ್ರು. ದಬ್ಬಣ ಇದ್ದಂಗ, ಎರಡು. ಶಾಂತಿ ಹುಬ್ಬು ಗಂಟು ಹಾಕಲಿಲ್ಲ, ‘ಅತ್ತಿ, ಆ ಕಡೆ ನೋಡ್ರಿ’ ಅಂತ ನಮಗಾ ಹೇಳಿದ್ಲು. ನಾವೆಲ್ಲಿ ನೋಡ್ತೀವಿ. ಒಂದು ಕೊಳವ್ಯಾಗ ರಕ್ತ ಸರ್ರ್ ಅಂತ ಹೊಂಟಿತು. ಮ್ಯಾಲೆ ಹತ್ತಿ, ಗಾಲಿಗೆ ಸುತ್ತಿ, ಒಂದು ಗಾಜಿನಂಥ ಉದ್ದನೆ ಡಬ್ಬಿ ಒಳಗ ಹೊಕ್ಕಿತು. ಅದರ ತುಂಬ ಎಳಿ ಎಳಿ, ಶಾವಿಗಿ ಕಟ್ಟು ನಿಲ್ಲಿಸಿದಂಗ. ಅಲ್ಲಿಂದ ಹೊರಗ ಬಂದು, ಇನ್ನೊಂದು ಕೊಳವ್ಯಾಗ ಇಳಿದು, ಅದಾ ಕೈಯಾಗ, ಅದಾ ಶಾಂತಿ ಕೈಯಾಗ ತಿರುಗಿ ಹೋತು! ನಾನು ಮಂಚದ ಕೆಳಗ ಬಗ್ಗಿ ಬಗ್ಗಿ ನೋಡಿದೆ. ಬಕೀಟಿಲ್ಲ. ಏನೂ ಇಲ್ಲ.

ಹೊನ್ನೂರಿ ಕೇಳಿದ್ಲು, ‘ತಮ್ಮಾ, ಹಾಕಾದು ಯಾರ ರಕ್ತ?’

‘ಯಾರ್ದು ಅಂದ್ರ? ಅವರ್ದಾ ಅಜ್ಜಿ. ಅವರ್ದಾ ಹೋಗ್ತೈತಿ, ಅವರ್ದಾ ಬರ್ತೈತಿ.’

‘ನೆಲಕ್ಕ ಬೀಳ್ತೈತೇನು?’

‘ಬೀಳಾದು ಎಲ್ಲಿ ಬಂತು? ಕೊಳವಿ ಒಂಚೂರು ಸಡ್ಲಾದ್ರ ಮಷಿನ್ ಬಾಯಿ ಬಡಕಂತೈತಿ.’

‘ಮತ್ತ ಹೊರಗ ಏನು ಹೋಗ್ತೈತಿ?’

‘ಹೆಚ್ಚಾದ ನೀರು, ಹೊಲಸು. ಅದು ಮಾತ್ರ ಗಟಾರಕ್ಕ. ರಕ್ತ ತೊಳಕಂಡು ಮನಿಗೆ.’

ಹೊನ್ನೂರಿ ಆ ಕೊಳವಿ ನೋಡ್ಕಂತ ನಿಂತ್ಲು. ಹೋಗೋದು ಕಪ್ಪು ಕೆಂಪು, ಬರೋದೂ ಕೆಂಪು, ನಮ್ಮ ಕಣ್ಣಿಗೆ ಎರಡೂ ಒಂದಾ. ಆದ್ರ ಆಕಿ ಏನು ನೋಡಿದ್ಲೋ. ಐದು ನಿಮಿಷ ಆತು, ಹುಡುಗ ಹೊರಗ ಹೋಗ್ರಿ ಅನ್ನಾಕ ಬಂದವನು ಆಕಿ ಮಾರಿ ನೋಡಿ ಮುಂದಿನ ಮಂಚಕ್ಕ ಹೋದ.

‘ಅಕ್ಕಾ’ ಅಂದ್ಲು. ‘ನಮ್ಮೂರ ದುರುಗಮ್ಮ ಹೊಳಿಗೆ ಹೋಗಿ ಬರಂಗಿಲ್ಲೇನು? ಗುಡಿ ಬಿಟ್ಟು, ಊರು ದಾಟಿ, ಹಡಗಲಿ ಕಡೆ ಹೊಳಿಗೆ ಹೋಗಿ, ಮೈ ತೊಳಕಂಡು ತನ್ನ ಗುಡಿಗೆ ತಾನು ಬರ್ತಾಳ. ಆಕಿಗೆ ಮೈಲಿಗಿ ಅಂತಾರೇನು ಯಾರಾದ್ರೂ?’

ನಾನು ದಾರಿ ತುಂಬ ವಾದ ಜೋಡಿಸಿಕ್ಯಂಡು ಬಂದಿದ್ದೆ, ಒಂದೂ ಬೇಕಾಗಲಿಲ್ಲ.

‘ವಾರಕ್ಕ ಮೂರು ಸಲ ಹೊಳಿಗೆ ಹೋಗ್ತೈತಲ್ಲಕ್ಕ ಈಕಿ ರಕ್ತ’ ಅಂತ ಹೊನ್ನೂರಿ ಅಲ್ಲೇ, ಮಷಿನ್ ಮುಂದ, ಎರಡೂ ಕೈ ಎದಿ ಹತ್ರ ತಂದ್ಲು. ಮುಗಿದ್ಲೋ ಇಲ್ಲೋ ನಾನು ನೋಡಿಲ್ಲ. ನನ್ನ ಕಣ್ಣು ಮಂಜಾಗಿದ್ವು.

ಸ್ವಲ್ಪ ತಡಿ, ನೀರು ಕುಡಿತೀನಿ.

ಹಾಂ. ಮಧ್ಯಾನ್ನ ಇಳಿಯೋ ಹೊತ್ತಿಗೆ ಶಾಂತಿ ಮುಗಿಸಿಕ್ಯಂಡು ಬಂದ್ಲು. ಮಾರಿ ಬಿಳಚಿಕ್ಯಂಡಿತ್ತು, ಆಟೋದಾಗ ಅಂಜಿನಿ ಹೆಗಲಿಗೆ ತಲಿ ಇಟ್ಟಾಕಿ ಎತ್ತಲಿಲ್ಲ. ಮನಿ ಮುಂದ ಇಳಿದ್ವಿ. ಹೊನ್ನೂರಿ ಮುಂದ ಓಡಿ ಹೋಗಿ ತಂಬಿಗಿ ನೀರು ತಂದು, ಹೊಸ್ತಲದಾಗ ಶಾಂತಿ ಕಾಲಿಗೆ ಹಾಕಿಬಿಟ್ಲು!

‘ಅತ್ತೀ, ಏನಿದು? ನಾನು ಸಣ್ಣಾಕಿ.’

‘ಸುಮ್ನ ನಿಂದ್ರು. ಹೊಳಿಗೆ ಹೋಗಿ ಬಂದೋರಿಗೆ ಕಾಲಿಗೆ ನೀರು ಹಾಕದಾ ಒಳಗ ಕರೀತಾರೇನು?’

‘ಅವ್ವಾ, ನಾನೂ ಹೋಗಿ ಬಂದೀನಿ’ ಅಂತ ಅಂಜಿನಿ ಕಾಲು ಮುಂದ ಇಟ್ಟ.

‘ನೀನು ಬೆಂಚಿನ ಮ್ಯಾಲೆ ಗೊರಕಿ ಹೊಡದು ಬಂದೀ. ನಡಿ ಒಳಗ.’

ಶಾಂತಿ ನಗಾಕ ಹೋಗಿ ಬಾಗಲ ಚೌಕಟ್ಟು ಹಿಡಕಂಡ್ಲು. ನಿಂತ್ರ ಕಣ್ಣಿಗೆ ಕತ್ತಲಿ ಬರ್ತೈತಿ ಆ ದಿನ. ಮಲಗಿಸಿದ್ವಿ. ಹೊನ್ನೂರಿ ಒಪ್ಪಿದ್ಲು, ಗಂಗಮ್ಮ ಒಪ್ಪಿದ್ಲು, ಈಗ ಕಾಲು ಒಪ್ಪವಲ್ಲವು. ಓಣಿ ಹೆಂಗಸ್ರು ಒಬ್ಬೊಬ್ರಾ ಕೊಡ ಹಿಡಕಂಡು ಹೊಂಟ್ರು. ನಮ್ಮ ಹಂಡೆ ಬಳ್ಳಿ ಸುತ್ತಿಸಿಕ್ಯಂಡು ಮದಲಗಿತ್ತಿ ಹಂಗ ಕುಂತೈತಿ, ಹೊಟ್ಟ್ಯಾಗ ಒಂದು ಹನಿ ನೀರಿಲ್ಲ. ನಾನು ಹೊನ್ನೂರಿಗೆ ಅಂದೆ, ‘ಹೊತ್ತು ಮುಳುಗ್ತೈತಿ, ನೀನಾ ತಂದುಬಿಡು.’ ‘ತರಂಗಿಲ್ಲ’ ಅಂದ್ಲು. ‘ಹಂಡೆ ಬರಿದಾಗಿದ್ರ ಇರ್ಲಿ. ಆಕಿ ಎದ್ದಾಗ ಹಬ್ಬ.’ ನೋಡವ್ವಾ ಗೂಟ! ಈ ಕಡಿಂದ ಕಿತ್ತು ಆ ಕಡೆ ನೆಟ್ಟುಬಿಟ್ಟಾಳ!

ದೀಪ ಹಚ್ಚೋ ಹೊತ್ತಿಗೆ ಶಾಂತಿ ತಾನಾ ಎದ್ಲು. ಮುಖ ತೊಳಕಂಡು, ಹಸರು ಸೀರಿ ಉಟ್ಟು, ಬಲಗೈಗೆ ತುಂಬ ಬಳಿ ಇಟ್ಕಂಡು ಬಂದ್ಲು. ಕೊಡಕ್ಕ ಕೈ ಹಾಕಿದ್ಲು, ನಾನು ಕಸಗಂಡೆ. ‘ತಂಬಿಗಿ ಸಾಕು. ಗಂಗಮ್ಮ ಏನು ತೂಕ ಹಾಕ್ತಾಳೇನು?’

ಬಾವಿ ಎಲ್ಲೈತಿ ಈಗ, ಓಣಿ ನಲ್ಲೀನ ಗಂಗಮ್ಮ. ಅರಿಷಿಣ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ತಂಬಿಗಿ ಹಿಡದ್ಲು. ಅಂಚಿನತನ ತುಂಬಿಸಿದ್ಲು. ಒಂದು ಬೆರಳು ಕಮ್ಮಿ ಮಾಡ್ಬೇ ಅಂದ್ರ ಕೇಳಲಿಲ್ಲ. ಬಲಗೈಯಾಗ ಹಿಡಕಂಡು ಹೊಂಟ್ಲು. ಹತ್ತು ಮನಿ ದಾರಿ ಇಲ್ಲ ಅದು. ಅರ್ಧಕ್ಕ ಬಂದು ನಿಂತ್ಲು, ಕಣ್ಣು ಮುಚ್ಚಿದ್ಲು. ಹಿಂದ ನಾನು ನಿಂತೆ, ಹೊನ್ನೂರಿ ನಿಂತ್ಲು, ಕೊಡ ಹೊತ್ತು ಬರ್ತಿದ್ದ ಹೆಂಗಸ್ರೂ ನಿಂತ್ರು. ದಾಟಿ ಹೋಗಬೌದಿತ್ತು, ಯಾರೂ ದಾಟಲಿಲ್ಲ. ಆಕಿ ಕಣ್ಣು ತೆಗದ್ಲು, ನಡದ್ಲು. ನಮ್ಮ ಓಣಿ ಹೆಂಗಸ್ರು ಇಷ್ಟು ಹೊತ್ತು ಸುಮ್ನ ಇದ್ದದ್ದು ನನ್ನ ಜಲ್ಮದಾಗ ನೋಡಿಲ್ಲ.

ಒಂದು ಹನಿ ಚೆಲ್ಲದಂಗ ತಂದು ಹಂಡೆದಾಗ ಸುರುವಿದ್ಲು. ಖಾಲಿ ತಾಮ್ರದಾಗ ನೀರು ಬಿದ್ದ ಸದ್ದು ಇಡೀ ಮನ್ಯಾಗ ಕೇಳ್ತು.

‘ಆತು. ನೀನಿನ್ನ ಕುಂದ್ರು’ ಅಂದ್ಲು ಹೊನ್ನೂರಿ. ಅಂಜಿನಿ ನಾ ತರ್ತೀನಿ ಅಂದ್ರ, ‘ಗಂಡಸ್ರದ್ದಲ್ಲ ಇದು, ಆ ಕಡೆ ಸರಿ’ ಅಂದು ಕೊಡ ಎತ್ತಿ ನಡು ಕಟ್ಟಿದ್ಲು. ನನ್ನ ಕಡೆ ನೋಡಿದ್ಲು. ಈ ವಯಸ್ಸಿನ್ಯಾಗ ನಾನು ಕೊಡ ಹೊತ್ತೆ ಮಾಲಾ! ಮಣಕಾಲು ಇನ್ನೂ ಬೈತಾವ.

ಕೊಡ ತುಂಬಿಕ್ಯಂಡು ಬಂದು ನೋಡಿದ್ರ, ಶಾಂತಿ ಕಟ್ಟಿ ಮ್ಯಾಲೆ ಗ್ವಾಡಿಗೆ ಒರಗಿ ಕುಂತಾಳ. ಅವತ್ತಿಂದು ಬಾಟ್ಲ್ಯಾಗ ಒಂದು ಗುಟುಕು ಉಳಿದಿತ್ತು. ಅದನ್ನ ಲೋಟಕ್ಕ ಬಗ್ಗಿಸಿಕ್ಯಂಡ್ಲು. ಒಮ್ಮಿಗೇ ಕುಡೀಲಿಲ್ಲ. ಒಂಚೂರು ತುಟಿಗೆ ತಾಗಿಸಿದ್ಲು. ಬಾಯಾಗ ಇಟ್ಕಂಡು, ಈ ದವಡಿಗೆ ಆ ದವಡಿಗೆ ಆಡಿಸಿ, ಕಣ್ಣು ಮುಚ್ಚಿ, ಇಷ್ಟಿಷ್ಟಾ, ಇಷ್ಟಿಷ್ಟಾ ನುಂಗಿದ್ಲು. ತಿರುಗಿ ಒಂಚೂರು. ಮುಖದ ಮ್ಯಾಲೆ ಅದೇನು ಕಳೆ ಬಂತು ಅಂತೀ! ನಾನು ಹೊಳಿ ನೀರು ಕುಡದೀನಿ, ಬಾವಿ ನೀರು ಕುಡದೀನಿ, ಕೊಡಗಟ್ಟಲೆ ಗಟಗಟ ಕುಡದು ಚೆಲ್ಲೀನಿ. ನೀರು ಹಂಗ ಕುಡಿಯಾದು ನಾನು ನೋಡೇ ಇದ್ದಿಲ್ಲ.

ಹೊನ್ನೂರಿ, ನಾನು, ಇಬ್ರೂ ತುಂಬಿದ ಕೊಡ ಬಗಲಾಗ ಹಿಡಕಂಡು ಅಂಗಳದಾಗ ನಿಂತಾ ಬಿಟ್ವಿ. ಇಳಿಸಬೇಕು ಅನ್ನೋದು ನೆನಪಾಗಲಿಲ್ಲ. ಆಕಿ ಕಡೇ ಹನಿ ನುಂಗಿ, ಲೋಟ ಬೋರಲ ಹಾಕಿ, ಕಣ್ಣು ತೆಗದು ನಮ್ಮನ್ನ ನೋಡಿದ್ಲು.

‘ಏನ್ರಿ ಇಬ್ರೂ ಹಂಗ ನಿಂತೀರಿ? ಹಂಡೆ ಇನ್ನೂ ಅರ್ಧ ಆಗಿಲ್ಲ, ನಡೀರಿ’ ಅಂದ್ಲು.

ನಡದ್ವಿ.